ನಾಗರಹಾವಿನಿಂದ ಕರಿನಾಗರಗಳವರೆಗೆ

2018ರ ಮಾತು. ಹಿರಿಯೂರಿನ ಶಾಲೆಯೊಂದರಲ್ಲಿ ನಾನು ಹತ್ತನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಆ ವರ್ಷದ ಜುಲೈಯಲ್ಲಿ ಹಳೆಯ ‘ನಾಗರಹಾವು’ ಚಿತ್ರ ಹೊಸ ತಂತ್ರಜ್ಞಾನದೊಂದಿಗೆ ಮತ್ತೆ ತೆರೆಗೆ ಬಂದಿತ್ತು. ನಮ್ಮ ದುರ್ಗದ ಚಿತ್ರವಲ್ಲವೇ, ಮಕ್ಕಳ ಬಾಯಲ್ಲೆಲ್ಲ ಅದರದೇ ಮಾತು. ಒಂದು ದಿನ ಹಾಜರಿ ಕರೆಯುವಾಗ ‘ಜಲೀಲ್’ ಎಂದೆ. ಹಿಂದಿನ ಬೆಂಚಿನಿಂದ ಶಿಳ್ಳೆ ಬಂತು. ಇನ್ನೊಬ್ಬ ‘ಬುಲ್‌ಬುಲ್’ ಎಂದ. ತರಗತಿಯೆಲ್ಲ ನಕ್ಕಿತು. ಸುಳ್ಳು ಹೇಳಬಾರದು, ನನಗೂ ನಗು ಬಂತು. ‘ಸುಮ್ಮನಿರಿ’ ಎಂದು ಗದರಿಸಿ ಪಾಠ ಶುರು ಮಾಡಿದೆ.

ಕೆಲವು ವಾರಗಳ ನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಾಗಿ ಮಕ್ಕಳ ಹೆಸರುಗಳನ್ನು ಸರಿನೋಡುತ್ತಿದ್ದೆವು. ಆ ಹುಡುಗ ಎಲ್ಲರೂ ಹೋದ ಮೇಲೆ ಬಂದು ಮೇಜಿನ ಪಕ್ಕ ನಿಂತ. “ಟೀಚರ್, ನನ್ನ ಹೆಸರು ಬದಲಾಯಿಸೋಕಾಗುತ್ತಾ?” ಎಂದು ಕೇಳಿದ. ಯಾಕಪ್ಪಾ ಎಂದರೆ ಉತ್ತರವಿಲ್ಲ, ನೆಲ ನೋಡುತ್ತಾ ನಿಂತ. ಆ ದಿನ ನನಗೆ ನನ್ನ ನಗು ನೆನಪಾಯಿತು.

ನಾನು ಆವರೆಗೆ ಆ ಚಿತ್ರವನ್ನು ಪೂರ್ತಿಯಾಗಿ ನೋಡಿರಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಟಿವಿ. ಭಾನುವಾರ ಸಂಜೆ ಸಿನಿಮಾ ಶುರುವಾದರೆ ಕಿಟಕಿಯಿಂದ ಇಣುಕುವುದು, ಅಬ್ಬಾ ಬರುವ ಸಪ್ಪಳ ಕೇಳಿದರೆ ಓಡಿಬರುವುದು, ಇಷ್ಟೇ ನನ್ನ ಚಿತ್ರ ವೀಕ್ಷಣೆ. ಮದ್ರಸದಲ್ಲಿ ಆ ಮಾತೇ ಇರಲಿಲ್ಲ. ಈಗ ಕಾಲ ಬೇರೆ. ಚಿತ್ರಮಂದಿರವೇ ಮಕ್ಕಳ ಅಂಗೈಗೆ ಬಂದಿದೆ. ‘ನೋಡಬಾರದು’ ಎಂದು ಹೇಳಿ ತಾಯಂದಿರು ಸುಮ್ಮನಾದರೆ ಮಕ್ಕಳು ನೋಡುವುದು ನಿಲ್ಲುವುದಿಲ್ಲ, ನಮಗೆ ಹೇಳುವುದು ನಿಲ್ಲುತ್ತದೆ. ಆದ್ದರಿಂದ ಆ ಹುಡುಗನಿಗಾಗಿ ನಾನು ‘ನಾಗರಹಾವು’ ನೋಡಿದೆ. ಅನಂತರ ಇನ್ನಷ್ಟು ಚಿತ್ರಗಳನ್ನೂ ನೋಡಿದೆ. ಒಬ್ಬ ಶಿಕ್ಷಕಿಯಾಗಿ ನನಗನಿಸಿದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರವಿದು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ವಿಷ್ಣುವರ್ಧನ್ ನಾಯಕರಾಗಿ ಮನೆಮಾತಾದದ್ದು ಇದರಲ್ಲೇ, ಅಂಬರೀಶ್ ಮೊದಲ ಬಾರಿಗೆ ಕಾಣಿಸಿಕೊಂಡದ್ದೂ ಇದರಲ್ಲೇ. ಅಂಬರೀಶರ ಪಾತ್ರದ ಹೆಸರೇ ಜಲೀಲ. ಸೈಕಲ್ಲಿನಲ್ಲಿ ಬಂದು ಅಲಮೇಲು ಎಂಬ ಹುಡುಗಿಯನ್ನು ‘ಬುಲ್‌ಬುಲ್’ ಎಂದು ಕಾಡುವ ಪೋಲಿ. ನಾಯಕ ರಾಮಾಚಾರಿ ಅವನನ್ನು ಬಡಿಯುತ್ತಾನೆ. ಅಲ್ಲಿಗೆ ಜಲೀಲನ ಕೆಲಸ ಮುಗಿಯಿತು.

ಗಮನಿಸಿ, ರಾಮಾಚಾರಿಯೂ ಒರಟನೇ. ಆದರೆ ಅವನಿಗೆ ತಾಯಿಯಿದ್ದಾಳೆ, ಮನೆಯಿದೆ, ಅವನ ಕೋಪಕ್ಕೆ ಕಾರಣವಿದೆ, ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟ್ರಿದ್ದಾರೆ. ಅವನು ತಪ್ಪು ಮಾಡಿದರೂ ನಮಗೆ ಕಣ್ಣೀರು ಬರುತ್ತದೆ. ಜಲೀಲನಿಗೆ ಮನೆಯಿಲ್ಲ, ತಾಯಿಯಿಲ್ಲ, ಮೇಷ್ಟ್ರಿಲ್ಲ. ಹೆಣ್ಣುಮಕ್ಕಳನ್ನು ಕಾಡುವವನಿಗೆ ಏಟು ಬೀಳಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ದುರ್ಗದ ಬೀದಿಗಳಲ್ಲಿ ಅಂದೂ ಇಂದೂ ಜಲೀಲ್ ಎಂಬ ಹೆಸರಿನವರು ಬಟ್ಟೆ ಹೊಲಿದಿದ್ದಾರೆ, ಮೂಟೆ ಹೊತ್ತಿದ್ದಾರೆ, ಲಾರಿ ಓಡಿಸಿದ್ದಾರೆ. ಅವರ್ಯಾರೂ ತೆರೆಯ ಮೇಲಿಲ್ಲ.

ಇನ್ನೂ ಒಂದು ಸಂಗತಿ. ಜೀಮ್ ಅಕ್ಷರದಿಂದ ಬರೆದರೆ ‘ಜಲೀಲ್’ ಎಂದರೆ ಘನತೆವೆತ್ತವನು. ಅಲ್ಲಾಹನ ನಾಮಗಳಲ್ಲಿ ಎಣಿಸುವ ಹೆಸರದು. ಜಾಲ್ ಅಕ್ಷರದಿಂದ ಬರೆದರೆ ಅದೇ ಪದಕ್ಕೆ ಹೀನ, ಅವಮಾನಿತ ಎಂಬ ಅರ್ಥ. ಕನ್ನಡದ ‘ಜ’ಕಾರದಲ್ಲಿ ಈ ಭೇದ ಕಾಣುವುದಿಲ್ಲ. ಚಿತ್ರ ಮಾಡಿದವರ ಮನಸ್ಸಿನಲ್ಲಿ ಇದಿತ್ತೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಆ ವಿದ್ಯಾರ್ಥಿಯ ಪಾಲಿಗೆ ಮೊದಲ ಅಕ್ಷರದ ಜಾಗಕ್ಕೆ ಎರಡನೆಯದು ಬಂದು ಕುಳಿತಿತ್ತು.

ಹಾಗೆಂದು ಚಿತ್ರವನ್ನೇ ತೆಗೆದೆಸೆಯಬೇಕೆಂದು ನಾನು ಹೇಳಲಾರೆ. ಒನಕೆ ಓಬವ್ವಳಾಗಿ ಜಯಂತಿಯವರು ಬರುವ ಭಾಗವನ್ನು ನೋಡಿ. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ, ಕೈಗೆ ಸಿಕ್ಕ ಒನಕೆಯಿಂದಲೇ ಕೋಟೆ ಕಾಯ್ದ ಹೆಣ್ಣು ಅವಳು. ಎದುರಿಗಿದ್ದವರು ಹೈದರಾಲಿಯ ಸೈನಿಕರು ಎಂದು ನಮ್ಮ ಕೆಲವು ಮನೆಗಳಲ್ಲಿ ಆ ಭಾಗ ಬಂದಾಗ ಮುಜುಗರಪಡುವುದುಂಟು. ಮುಜುಗರ ಯಾಕೆ? ಅದು ಇಬ್ಬರು ಆಳುವವರ ನಡುವಿನ ಯುದ್ಧ. ಓಬವ್ವ ಕಾಯ್ದದ್ದು ತನ್ನ ಊರನ್ನು. ಅದೇ ಊರಿನಲ್ಲಿ ಇಂದು ನಮ್ಮ ಮನೆಗಳೂ ಇವೆ. ಅವಳು ದುರ್ಗದ ಹೆಣ್ಣುಮಕ್ಕಳೆಲ್ಲರಿಗೂ ಸೇರಿದವಳು.

ಚಾಮಯ್ಯ ಮೇಷ್ಟ್ರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ಕೆ.ಎಸ್. ಅಶ್ವತ್ಥರ ಅಭಿನಯಕ್ಕೆ ಸಾಟಿಯಿಲ್ಲ, ನಿಜ. ಆದರೆ ಆ ಮೇಷ್ಟ್ರು ಮಾಡಿದ್ದೇನು? ಜಾತಿಯ ಮಾತು ಬಂದಾಗ ಶಿಷ್ಯನಿಂದ ತ್ಯಾಗ ಕೇಳಿದರು. ಅಲಮೇಲು ಬೇರೊಬ್ಬನನ್ನು ಮದುವೆಯಾಗಿ ಹಾಳಾದಳು. ಮುಂದೆ ಮಾರ್ಗರೆಟ್ ಬಂದಾಗ ಧರ್ಮದ ಮಾತೆತ್ತಿದರು. ಕೊನೆಗೆ ಬೆಟ್ಟದ ಮೇಲೆ ಮೂವರ ಪ್ರಾಣವೂ ಹೋಯಿತು. ಪ್ರೀತಿಸುವ ಗುರುವೂ ಶಿಷ್ಯನ ಮಾತು ಕೇಳಿಸಿಕೊಳ್ಳದಿದ್ದರೆ ಹೀಗಾಗುತ್ತದೆ. ತ.ರಾ.ಸು. ಅವರಿಗೂ ಈ ಚಿತ್ರ ಒಪ್ಪಿಗೆಯಾಗಲಿಲ್ಲ. ನಾಗರಹಾವು ಕೇರೆಹಾವಾಗಿದೆ ಎಂಬರ್ಥದಲ್ಲಿ ಅವರು ಆಡಿದರೆನ್ನುವ ಮಾತು ದುರ್ಗದಲ್ಲಿ ಇಂದಿಗೂ ಪ್ರಚಲಿತ. ಊರೆಲ್ಲ ಚಪ್ಪಾಳೆ ತಟ್ಟುವಾಗಲೂ ತನಗನಿಸಿದ್ದನ್ನು ಹೇಳಬಹುದು ಎಂಬುದಕ್ಕೆ ಅವರೇ ಉದಾಹರಣೆ. ಅವರದೇ ‘ಹಂಸಗೀತೆ’ ಹಿಂದಿಯಲ್ಲಿ ‘ಬಸಂತ್ ಬಹಾರ್’ (1956) ಆದಾಗ ಅದರಲ್ಲಿ ಭಕ್ತಿಗೀತೆ ಹಾಡಿದವರು ಮುಹಮ್ಮದ್ ರಫಿ. ಹಾವಿನ ವಿಷವನ್ನಷ್ಟೇ ಅಲ್ಲ, ಇಂಥ ಸಿಹಿಯನ್ನೂ ದುರ್ಗ ಸಿನಿಮಾಕ್ಕೆ ಕೊಟ್ಟಿದೆ.

ಚಾಮಯ್ಯ ಮೇಷ್ಟ್ರನ್ನು ನೋಡಿದವರು ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರವನ್ನೂ ನೋಡಬೇಕು. ಅಲ್ಲಿಯೂ ಒಬ್ಬ ಗುರು, ಒಬ್ಬ ಶಿಷ್ಯ. ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಶರೀಫರಾಗಿ ಶ್ರೀಧರ್. ಊರವರು ಆಡಿಕೊಂಡರೂ ಭಟ್ಟರು ಶಿಷ್ಯನ ಕೈ ಬಿಡಲಿಲ್ಲ. ಅವರ ಎಲ್ಲ ಆಚರಣೆಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಬೇರೆ ಮನೆಯ ಮಗುವನ್ನು ತನ್ನದೆಂದು ಕಲಿಸಿದ ಗುರುವಿನ ಮನಸ್ಸು ಪ್ರತಿಯೊಬ್ಬ ಶಿಕ್ಷಕರಿಗೂ ಬೇಕು.

ಗಿರೀಶ್ ಕಾಸರವಳ್ಳಿಯವರ ಎರಡು ಚಿತ್ರಗಳನ್ನು ಹೆಣ್ಣುಮಕ್ಕಳು ನೋಡಲೇಬೇಕೆಂದು ಹೇಳುತ್ತೇನೆ. ‘ಗುಲಾಬಿ ಟಾಕೀಸ್’ (2008) ವೈದೇಹಿಯವರ ಕಥೆಯನ್ನು ಬಹಳಷ್ಟು ಬದಲಿಸಿ ಮಾಡಿದ್ದು. ಉಮಾಶ್ರೀ ಅದರಲ್ಲಿ ಕರಾವಳಿಯ ಮುಸ್ಲಿಮ್ ಸೂಲಗಿತ್ತಿ. ಗಂಡ ಬಿಟ್ಟುಹೋಗಿದ್ದಾನೆ. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೊಂದು ಟಿವಿ ಸಿಗುತ್ತದೆ. ಕೇರಿಯ ಹೆಂಗಸರೆಲ್ಲ ಜಾತಿಮತ ಮರೆತು ಅವಳ ಗುಡಿಸಲಲ್ಲಿ ಸೇರುತ್ತಾರೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಗಾಳಿ ಕೆಡುತ್ತದೆ, ಗುಲಾಬಿ ಊರು ಬಿಡಬೇಕಾಗುತ್ತದೆ. ತಮ್ಮ ಮಕ್ಕಳನ್ನು ಈ ಲೋಕಕ್ಕೆ ತಂದ ಕೈಗಳನ್ನು ಊರು ಎಷ್ಟು ಬೇಗ ಮರೆಯಿತು! ಉಮಾಶ್ರೀ ಇದಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು.

ಇನ್ನೊಂದು ‘ಹಸೀನಾ’ (2004). ಬಾನು ಮುಷ್ತಾಕರ ‘ಕರಿನಾಗರಗಳು’ ಕಥೆಯ ಚಿತ್ರ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ ಇಂಗ್ಲಿಷ್ ಅನುವಾದದ ಸಂಕಲನದಲ್ಲಿ ಈ ಕಥೆಯೂ ಇದೆ. ಆಟೋ ಓಡಿಸುವ ಗಂಡ ಹೆಣ್ಣುಮಕ್ಕಳೇ ಹುಟ್ಟಿದವೆಂದು ಹೆಂಡತಿಯನ್ನು ಬಿಡುತ್ತಾನೆ. ಅವಳು ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ, ಸಿಗದಿದ್ದಾಗ ಮಕ್ಕಳೊಂದಿಗೆ ಮಸೀದಿಯ ಮುಂದೆ ಕೂರುತ್ತಾಳೆ. ನಟಿ ತಾರಾ ಅವರಿಗೆ ಇದು ರಾಷ್ಟ್ರಪ್ರಶಸ್ತಿ ತಂದಿತು.

ಕಳೆದ ರಜೆಯಲ್ಲಿ ಹೊಳಲ್ಕೆರೆಯ ಆಪಾಳ ಮನೆಯಲ್ಲಿ ಏಳೆಂಟು ಹೆಂಗಸರು ಕೂಡಿ ಈ ಚಿತ್ರ ನೋಡಿದೆವು. ಮುಗಿದ ಮೇಲೆ ಹೊಸದುರ್ಗದಿಂದ ಬಂದಿದ್ದ ಖಾಲಾ, “ಇದನ್ನು ನೋಡಿದ ಹೊರಗಿನವರು ನಮ್ಮನ್ನು ಏನಂದ್ಕೋಬೇಕು?” ಎಂದರು. ಆ ಮಾತಿನಲ್ಲಿ ನೋವಿತ್ತು, ನ್ಯಾಯವೂ ಇತ್ತು. ಬ್ಯಾರಿ ಭಾಷೆಯ ‘ಬ್ಯಾರಿ’ (2011) ಚಿತ್ರ ದೇಶದ ಅತ್ಯುತ್ತಮ ಚಿತ್ರದ ಗೌರವವನ್ನು ಹಂಚಿಕೊಂಡಿತು, ಅಲ್ಲಿಯೂ ತಲಾಕಿನಿಂದ ನೊಂದ ಹೆಣ್ಣಿನ ಕಥೆಯೇ. ನಮ್ಮ ಗಂಡಸರು ಪೋಲಿಗಳಾಗಿ, ನಮ್ಮ ಹೆಂಗಸರು ಅಳುವವರಾಗಿಯೇ ತೆರೆಗೆ ಬರಬೇಕೇ? ಪಾಠ ಹೇಳುವ, ಅಂಗಡಿ ನಡೆಸುವ, ಮಕ್ಕಳೊಂದಿಗೆ ನಗುವ ಹೆಂಗಸರು ನಮ್ಮಲ್ಲಿಲ್ಲವೇ?

ಆಗ ಮೂಲೆಯಲ್ಲಿ ಮಗುವನ್ನು ಮಲಗಿಸುತ್ತಿದ್ದ ಒಬ್ಬಳು ತಲೆಯೆತ್ತಿದಳು. ಅವಳ ಗಂಡ ಬೇರೆ ಊರಿನಲ್ಲಿದ್ದಾನೆ, ಒಂದು ವರ್ಷದಿಂದ ಖರ್ಚಿಗೆ ಕಾಸು ಕಳಿಸಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. “ಹೊರಗಿನವರ ಮಾತು ಇರಲಿ ಖಾಲಾ” ಎಂದಳು. “ಕೇಳೋ ಹಕ್ಕು ನನಗಿದೆ ಅಂತ ನೀವ್ಯಾರೂ ಯಾಕೆ ಹೇಳಲಿಲ್ಲ?” ಅವಳು ಕೇಳಿದ್ದು ಖಾಲಾಳನ್ನು, ನೋಡಿದ್ದು ನನ್ನನ್ನು.

ಸಹೋದರಿಯರೇ, ನಾನು ಮದ್ರಸದಲ್ಲಿ ಫಿಕ್ಹ್ ಓದಿದವಳು. ಹೆಂಡತಿ ಮಕ್ಕಳ ನಫಕಾ, ಅಂದರೆ ಊಟ, ಬಟ್ಟೆ, ವಸತಿಯ ಖರ್ಚು ಗಂಡನ ಮೇಲೆ ಕಡ್ಡಾಯ, ಅದು ಅವನು ಕೊಡುವ ಭಿಕ್ಷೆಯಲ್ಲ ಎಂಬುದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು. ‘ಕರಿನಾಗರಗಳು’ ಕಥೆಯಲ್ಲಿ ಓದಿದ ಹೆಣ್ಣೊಬ್ಬಳು ಬಂದು ಈ ಹಕ್ಕನ್ನು ನೆನಪಿಸುತ್ತಾಳೆ. ಹೊಳಲ್ಕೆರೆಯಲ್ಲಿ ಆ ಕೆಲಸ ನನ್ನದಾಗಿತ್ತು, ನಾನು ಮಾಡಿರಲಿಲ್ಲ. ಮರುದಿನ ಆಪಾ ಮತ್ತು ನಾನು ಮನೆಯ ಹಿರಿಯರಿಬ್ಬರನ್ನು ಕೂರಿಸಿಕೊಂಡು ಆ ಗಂಡನಿಗೆ ಫೋನು ಮಾಡಿಸಿದೆವು. ಈಗ ಕೆಲವು ತಿಂಗಳು ಹಣ ಬರುತ್ತದೆ, ಕೆಲವು ತಿಂಗಳು ಬರುವುದಿಲ್ಲ. ನಾವೂ ಕೇಳುವುದನ್ನು ಬಿಟ್ಟಿಲ್ಲ.

ಸಿನಿಮಾ ನೋಡಿದ ಮೇಲೆ ಮನೆಯಲ್ಲಿ ಮಕ್ಕಳೊಂದಿಗೆ ಹತ್ತು ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಿ. ಈ ಕಥೆಯಲ್ಲಿ ಯಾರಿಗೆ ಮಾತು ಸಿಕ್ಕಿತು, ಯಾರಿಗೆ ಸಿಗಲಿಲ್ಲ? ನಾವು ನಕ್ಕಾಗ ಯಾರನ್ನು ನೋಡಿ ನಕ್ಕೆವು? ಇಂಥದ್ದು ನಮ್ಮ ಬೀದಿಯಲ್ಲಿದ್ದರೆ ನಾವೇನು ಮಾಡಿದ್ದೇವೆ? ಈ ಮೂರನ್ನು ಕೇಳಿದರೆ ಕೆಟ್ಟ ಚಿತ್ರದಿಂದಲೂ ಒಂದಿಷ್ಟು ಕಲಿಯಬಹುದು. ಕೇಳದಿದ್ದರೆ ಒಳ್ಳೆಯ ಚಿತ್ರವೂ ವ್ಯರ್ಥ.

ಮತ್ತೆ ಆ ಹುಡುಗ. ಅವನ ತಾಯಿಯನ್ನು ಕರೆಸಿ ಮಾತಾಡಿದೆ. ಆ ಹೆಸರು ಅವನ ದಾದಾನದ್ದಂತೆ. ದುರ್ಗದಲ್ಲಿ ದರ್ಜಿಯಾಗಿದ್ದವರು. “ನಮ್ಮ ಮಾವನವರಿಗೂ ಹೀಗೇ ಅಂತಿದ್ರಂತೆ ಟೀಚರ್, ಅವರು ನಕ್ಕು ಸುಮ್ಮನಾಗ್ತಿದ್ರಂತೆ” ಎಂದರು. ನಾನು ಹಲಗೆಯ ಮೇಲೆ ಆ ಎರಡು ಅಕ್ಷರಗಳನ್ನು ಬರೆದು, ಅವನ ಹೆಸರು ಯಾವುದರಿಂದ ಶುರುವಾಗುತ್ತದೆಂದು ಇಡೀ ತರಗತಿಗೆ ತೋರಿಸಿದೆ. ಅಂದು ನಕ್ಕಿದ್ದಕ್ಕೆ ಎಲ್ಲರ ಎದುರೇ ಅವನ ಕ್ಷಮೆ ಕೇಳಿದೆ.

ಅವನು ಹೆಸರು ಬದಲಿಸಲಿಲ್ಲ. ಅರ್ಜಿಯಲ್ಲಿ ‘ಎ. ಜಲೀಲ್’ ಎಂದಿದ್ದುದನ್ನು ‘ಅಬ್ದುಲ್ ಜಲೀಲ್’ ಎಂದು ಪೂರ್ತಿಯಾಗಿ ಬರೆಸಿದ.