ನೋಯದ ಹುಣ್ಣು

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಾಟಿಯಿಳಿದರೆ ಮಾಕುಟ್ಟ. ಅಲ್ಲಿಂದ ಮುಂದೆ ಕೂಟುಪುಳ ಸೇತುವೆ, ಇರಿಟ್ಟಿ, ಕಣ್ಣೂರು ಸೀಮೆ. ಈ ದಾರಿಯ ಮೇಲ್ತುದಿಯ ವಿರಾಜಪೇಟೆಯಲ್ಲಿ 1999ರಿಂದ ದಂತ ವೈದ್ಯಕೀಯ ಕಾಲೇಜಿದೆ. ಕೆಳಗೆ, ತಲಶ್ಶೇರಿಯಲ್ಲಿ, ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಹೊಗೆಸೊಪ್ಪು ಜಗಿಯುವವರು ಹಲ್ಲಿನ ವೈದ್ಯರ ಹತ್ತಿರ ಹೋಗಬೇಕಾದ ಕಾಲದಲ್ಲಿ ಹೋಗದೆ, ಕ್ಯಾನ್ಸರ್ ಆಸ್ಪತ್ರೆಗೇ ಹೋಗುವಂತಾಗುವುದೇಕೆ?

ತಿಳಿವಳಿಕೆಯಿಲ್ಲ ಎನ್ನುವುದು ಸಾಮಾನ್ಯ ಉತ್ತರ. ನನಗದು ಒಪ್ಪಿಗೆಯಿಲ್ಲ. 2016ರಿಂದ ತಂಬಾಕಿನ ಪೊಟ್ಟಣದ ಮುಖದ ನೂರಕ್ಕೆ 85 ಭಾಗವನ್ನು ಎಚ್ಚರಿಕೆಯ ಚಿತ್ರ, ಬರಹಗಳೇ ತುಂಬಿವೆ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಓದು ಬಾರದವರಿಗೂ ಆ ಚಿತ್ರದ ಅರ್ಥ ಗೊತ್ತು. ಆದರೆ ‘ನನಗೇನೂ ಆಗಿಲ್ಲವಲ್ಲ’ ಎಂದು ಅವರ ಬಾಯಿಯೇ ಅವರಿಗೆ ದಿನವೂ ಹೇಳುತ್ತಿರುತ್ತದೆ.

ತಂಬಾಕಿನ ನಿಜವಾದ ಮೋಸ ಇರುವುದು ಇಲ್ಲಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಸಡಿಗೆ ರೋಗ ಬಂದರೆ ಹಲ್ಲುಜ್ಜುವಾಗ ರಕ್ತ ಕಾಣಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಆ ರಕ್ತವೇ ಕಡಿಮೆ. ಮೇಲೆ ಒಸಡು ಗಟ್ಟಿಯಾಗಿ ಕಾಣುತ್ತಿರುವಾಗಲೇ ಕೆಳಗೆ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತಿರುತ್ತದೆ. ಒಂದು ದಿನ ಹಲ್ಲು ಅಲುಗಾಡಿದಾಗ ಗೊತ್ತಾಗುತ್ತದೆ. ಹೊಗೆಸೊಪ್ಪು ಇಡುವ ಕೆನ್ನೆಯ ಒಳಗೆ ಏಳುವ ಬಿಳಿ ಮಚ್ಚೆಯೂ ನೋಯುವುದಿಲ್ಲ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆಯೂ ಎಷ್ಟೋ ಬಾರಿ ನೋಯುವುದಿಲ್ಲ. ಕ್ಯಾನ್ಸರ್ ಶುರುವಾದ ಹುಣ್ಣು ಕೂಡ ಮೊದಲಲ್ಲಿ ಸುಮ್ಮನಿರುತ್ತದೆ. ಇದರ ಮೇಲೆ, ಹಲ್ಲು ನೋವಿಗೆ ಹೊಗೆಸೊಪ್ಪನ್ನೇ ಒತ್ತಿಡುವ ರೂಢಿ ಬೇರೆ. ನೋವು ತಡೆದ ಹಾಗೆ ಅನಿಸುತ್ತದೆ, ರೋಗ ಬೆಳೆಯುತ್ತದೆ.

ಮಳೆಗಾಲದಲ್ಲಿ ಮಾಕುಟ್ಟದಂಥ ಕಾಡುದಾರಿಗಳಲ್ಲಿ ಜಿಗಣೆ ಕಾಟ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಳ್ಳುವುದು ಮಲೆನಾಡಿನ ಹಳೆಯ ಉಪಾಯ. ಸೋಕಿದ ಜಿಗಣೆ ಉದುರಿಬೀಳುತ್ತದೆ. ಅದೇ ಸೊಪ್ಪು, ಅದೇ ಸುಣ್ಣ ಕೆನ್ನೆಯೊಳಗಿನ ತೆಳ್ಳನೆಯ ಪದರಕ್ಕೆ ಗಂಟೆಗಟ್ಟಲೆ ತಾಗಿಕೊಂಡು ಕೂತರೆ ಆ ಪದರ ಹಾಗೇ ಉಳಿಯುತ್ತದೆಯೆ?

ಬಾಯಿ ಅವರದು, ಚಟ ಅವರದು, ನಮಗೇನು ಎನ್ನುವವರಿದ್ದಾರೆ. ಚಳಿಯಲ್ಲಿ, ಹಸಿವಿನಲ್ಲಿ ದುಡಿಯುವವರಿಗೆ ಅದೊಂದು ಆಸರೆ ಎನ್ನುವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ದೇಹಕ್ಕೆ ಏನಾಗುತ್ತಿದೆ ಎಂಬ ಸುದ್ದಿ ತಲುಪಿದವರಿಗಷ್ಟೇ ಆಯ್ಕೆ ಎಂಬುದಿರುತ್ತದೆ. ಆ ಸುದ್ದಿಯನ್ನೇ ತಂಬಾಕು ತಡೆಯುತ್ತಿರುವಾಗ ಮತ್ತೊಬ್ಬರ ಕಣ್ಣು ಬೇಕು.

‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಫಲಕ ಇಲ್ಲಿ ಅರ್ಧ ಕೆಲಸವನ್ನೂ ಮಾಡದು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳಲು ಕಷ್ಟವಾದರೂ ಇನ್ನೊಂದು ಮಾತು ಹೇಳಲೇಬೇಕು: ತಂಬಾಕಿಲ್ಲದ ಅಡಿಕೆಯೂ ಬಾಯನ್ನು ಬಿಗಿಯುತ್ತದೆ. ಖಾರ ತಾಳದೆ, ಬಾಯಿ ಅಗಲಿಸಲಾಗದೆ, ತುತ್ತಿಡಲೂ ಪರದಾಡುವ ಸ್ಥಿತಿ ಬರಬಹುದು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿದೆ.

ಮತ್ತೊಬ್ಬರ ಕಣ್ಣು ಎಷ್ಟು ಮಾಡಬಲ್ಲದು? ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ವೈದ್ಯರಲ್ಲದ ಪದವೀಧರರಿಗೆ ತರಬೇತಿ ಕೊಟ್ಟು, ಅವರನ್ನು ಆ ಹದಿಮೂರರಲ್ಲಿ ಏಳು ಪಂಚಾಯಿತಿಗಳ ಮನೆಮನೆಗೆ ಕಳಿಸಿ, ಜನರ ಬಾಯೊಳಗೆ ನೋಡಿಸಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ತಗ್ಗಿತ್ತು. ಬೇಕಾದದ್ದು ಬೆಳಕು, ತರಬೇತಾದ ಕಣ್ಣು, ತಾಳ್ಮೆ.

ಮೂವತ್ತು ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಸರ್ಕಾರದ ಮಾರ್ಗಸೂಚಿ ಈಗಾಗಲೇ ಹೇಳುತ್ತದೆ. ಆದರೆ ಹೊಗೆಸೊಪ್ಪು ಬಿಡದವರಿಗೆ ಐದು ವರ್ಷ ದೀರ್ಘ ಕಾಲ. ತಿರುವನಂತಪುರದಲ್ಲಿ ನೋಡಿದ್ದು ಮೂರು ವರ್ಷಕ್ಕೊಮ್ಮೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೈನ್‌ಮನೆಗಳು ತುಂಬಿರುತ್ತವೆ. ಆಗ ಸಂಜೆ ಹೊತ್ತು ಆರೋಗ್ಯ ಕಾರ್ಯಕರ್ತೆಯರು ಟಾರ್ಚು ಹಿಡಿದು ಅಲ್ಲಿಗೇ ಹೋಗಬೇಕು, ದಿನಗೂಲಿ ಕಳೆದುಕೊಂಡು ಆಸ್ಪತ್ರೆಗೆ ಬನ್ನಿ ಎನ್ನಬಾರದು. ಕೆನ್ನೆಯ ಒಳಬದಿ, ನಾಲಿಗೆಯ ಅಂಚು, ನಾಲಿಗೆಯ ಕೆಳಗು, ಅಂಗುಳ ಇಷ್ಟನ್ನೂ ನೋಡಬೇಕು. ಒರೆಸಿದರೆ ಹೋಗದ ಮಚ್ಚೆಯೋ ಎರಡು ವಾರಕ್ಕೂ ಮಾಯದ ಹುಣ್ಣೋ ಕಂಡರೆ, ಚೀಟಿ ಬರೆದು ಕೈಗಿಟ್ಟು ಬಿಡದೆ, ವಿರಾಜಪೇಟೆಯ ತನಕ ಜೊತೆಯಲ್ಲಿ ಕರೆದೊಯ್ಯುವ ಏರ್ಪಾಡಿರಬೇಕು. ಆ ದಿನದ ಕೂಲಿಯನ್ನು ತೋಟದವರು ಕೊಡಬೇಕು.