ದೊಡ್ಡಾಸ್ಪತ್ರೆಯ ಬಾಗಿಲಲ್ಲಿ



ಈ ಅಂಕಣದಲ್ಲಿ ಸಾಮಾನ್ಯವಾಗಿ ಶರಣರ ತತ್ತ್ವ, ಆಚರಣೆ, ಹಬ್ಬಹುಣ್ಣಿಮೆಗಳ ವಿಚಾರವಾಗಿ ನಾಲ್ಕು ಮಾತುಗಳನ್ನು ನಿವೇದಿಸಿಕೊಳ್ಳುತ್ತ ಬಂದಿದ್ದೇನೆ. ಈ ತಿಂಗಳ ವಿಷಯ ಸರ್ಕಾರಿ ಆಸ್ಪತ್ರೆ. ಇದು ಈ ಪುಟಕ್ಕೆ ಹೊರಗಿನದೆಂದು ಕೆಲವರಿಗೆ ತೋರಬಹುದು. ಕೊನೆಯವರೆಗೆ ಓದಿದರೆ ಇದೂ ಕಾಯಕ ದಾಸೋಹಗಳ ವಿಷಯವೇ ಎಂಬುದು ಮನವರಿಕೆಯಾದೀತು. ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಸಿ ಮುಂದುವರಿಯುತ್ತೇನೆ.

ಕಳೆದ ಮುಂಗಾರಿನಲ್ಲಿ ನಮ್ಮ ಭಾಗದ ಒಬ್ಬ ರೈತ ಭಕ್ತರಿಗೆ ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಕೊಳಕುಮಂಡಲ ಹಾವು ಕಚ್ಚಿತು. ಅವರ ಮಗ ಗಾಬರಿಯಿಂದ ಓಡಿಬಂದು, “ಎಲ್ಲಿಗೆ ಒಯ್ಯೋಣ ಅಜ್ಜಾರ?” ಎಂದು ನನ್ನನ್ನು ಕೇಳಿದ. ಸರ್ಕಾರಿ ಆಸ್ಪತ್ರೆಯ ಗದ್ದಲದಲ್ಲಿ ಬಡವರ ಮಾತು ಯಾರು ಕೇಳುತ್ತಾರೆ, ಖಾಸಗಿ ದವಾಖಾನೆಗೆ ಕರೆದೊಯ್ಯಿ ಎಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ. ಮೊದಲನೆಯ ದವಾಖಾನೆಯಲ್ಲಿ ವಿಷನಿರೋಧಕ ಔಷಧವೇ ಇರಲಿಲ್ಲ. ಎರಡನೆಯದರಲ್ಲಿ ಮುಂಗಡ ಹಣ ಕಟ್ಟಬೇಕೆಂದರು. ಹಣ ಹೊಂದಿಸಲು ಮನೆಯವರು ಎತ್ತಿನ ಜೋಡಿಯನ್ನು ಬಂದ ಬೆಲೆಗೆ ಮಾರಿದರು. ಮೂರು ತಾಸು ಕಳೆದ ಮೇಲೆ ರೋಗಿಯನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸಾಗಿಸಲಾಯಿತು. ಜೀವ ಉಳಿಯಿತು. ಆದರೆ ಅಷ್ಟರಲ್ಲಿ ವಿಷವು ಮೂತ್ರಪಿಂಡಗಳನ್ನು ಕೆಡಿಸಿದ್ದರಿಂದ ಹಲವು ದಿನ ಡಯಾಲಿಸಿಸ್ ಮಾಡಬೇಕಾಯಿತು. ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿಯೇ ಆ ದಿನ ವಿಷನಿರೋಧಕ ಔಷಧವಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ತಿಳಿಯದೆ ಆಡಿದ ನನ್ನ ಒಂದು ಮಾತಿಗೆ ಆ ಮನೆಯು ತೆತ್ತ ಬೆಲೆಯನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ.

ಅವರನ್ನು ನೋಡಲು ಹೋದಾಗ ಆ ಆಸ್ಪತ್ರೆಯ ಪಡಸಾಲೆಯಲ್ಲಿ ಕೆಲವು ಹೊತ್ತು ಕುಳಿತಿದ್ದೆ. ಹಾವು ಕಚ್ಚಿದವರ ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಹಿಡಿದು, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆಮಾಡಿ ನೋಡುತ್ತಾರೆ. ರಕ್ತವು ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ಯಾವ ದೊಡ್ಡ ಯಂತ್ರವೂ ಬೇಡದ ಈ ಪರೀಕ್ಷೆಯಿಂದ ಎಷ್ಟೋ ಜೀವಗಳ ನಿರ್ಣಯವಾಗುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇದು ಮುಖ್ಯವಾಗಿ ರೈತಕುಟುಂಬಗಳ ಆಪತ್ತು ಎಂಬುದನ್ನು ನಮ್ಮ ಒಕ್ಕಲುಮಕ್ಕಳು ಮರೆಯಬಾರದು.

ಈ ದೊಡ್ಡಾಸ್ಪತ್ರೆಯ ಹಿನ್ನೆಲೆಯನ್ನು ಕಿರಿಯರು ಅರಿಯಬೇಕು. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ನಮ್ಮ ಜಿಲ್ಲೆಗಳು ಕನ್ನಡ ನಾಡಿನೊಂದಿಗೆ ಒಂದಾದವು. ಅದರ ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕೆ ಮುಂಚೆ ನಮ್ಮ ಹಿರಿಯರು ಕಠಿಣ ಕಾಯಿಲೆ ಬಂದರೆ ಬುತ್ತಿ ಕಟ್ಟಿಕೊಂಡು ಮೀರಜಕ್ಕೋ ಪುಣೆಗೋ ರೈಲು ಹತ್ತಬೇಕಾಗಿತ್ತು. ಏಕೀಕರಣದ ಫಲವನ್ನು ಬಡವನೊಬ್ಬ ತನ್ನ ಮೈಯಲ್ಲಿಯೇ ಅನುಭವಿಸಿದ್ದು ಇಂಥ ಸಂಸ್ಥೆಯಿಂದ ಎಂದರೆ ಅತಿಶಯೋಕ್ತಿಯಾಗದು. ಮುಂದೆ ಅದು ಸ್ವಾಯತ್ತ ಸಂಸ್ಥೆಯಾಗಿ ಕಿಮ್ಸ್ ಎನಿಸಿತು. ಇತ್ತೀಚೆಗೆ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆದಿದೆ. ಹಳ್ಳಿಗರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಕೆಎಂಸಿ’.

ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಡಿ ವಿಶೇಷ ತಜ್ಞ ಚಿಕಿತ್ಸೆಯ ವಿಭಾಗವೂ ಸೇರಿದೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆಗಳಿಂದ ರೋಗಿಗಳು ಬರುತ್ತಾರೆ. ಪುಣೆ ಬೆಂಗಳೂರು ಹೆದ್ದಾರಿಯೂ ಅಂಕೋಲೆಯಿಂದ ಬರುವ ಹೆದ್ದಾರಿಯೂ ಕೂಡುವ ಊರಾದುದರಿಂದ ಅಪಘಾತದ ಗಾಯಾಳುಗಳು ಹೊತ್ತುಗೊತ್ತಿಲ್ಲದೆ ಬರುತ್ತಾರೆ. ಕ್ರಿಮಿನಾಶಕ ಸೇವಿಸಿದ ರೈತ, ಸುಟ್ಟಗಾಯದ ಗೃಹಿಣಿ, ತೂಕವಿಲ್ಲದೆ ಹುಟ್ಟಿದ ಕೂಸು, ಬೇರೆಡೆ ಹಣ ಮುಗಿದ ಮೇಲೆ ಕಳುಹಿಸಲ್ಪಟ್ಟ ರೋಗಿ, ಇವರೆಲ್ಲರ ಕೊನೆಯ ಆಸರೆ ಅದು. ಕೈಮೀರಿದ ಮೇಲೆ ಬಂದವರನ್ನೂ ಒಳಗೆ ಕರೆದುಕೊಳ್ಳುವ ಆಸ್ಪತ್ರೆಯಲ್ಲಿ ಸಾವುಗಳ ಎಣಿಕೆಯೂ ಹೆಚ್ಚಾಗಿ ಕಾಣುವುದು ಸಹಜ. ಆ ಎಣಿಕೆಯನ್ನಷ್ಟೇ ನೋಡಿ ಆಸ್ಪತ್ರೆಯ ಯೋಗ್ಯತೆಯನ್ನು ಅಳೆಯುವುದು ನ್ಯಾಯವಾಗದು.

ಹಾಗೆಂದು ಕುಂದುಗಳಿಲ್ಲವೆಂದು ನಾನು ಹೇಳಲಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಲುಗಳು ಉದ್ದ, ದಾದಿಯರು ಕಡಿಮೆ, ಶೌಚಾಲಯಗಳು ಅನೇಕ ಕಡೆ ಅಸಹ್ಯ. ಮಾತಿನಲ್ಲಿ ಒರಟುತನವಿದೆ; ಕೆಲವೆಡೆ ಕೈಚಾಚುವವರೂ ಇದ್ದಾರೆ. ಇವನ್ನು ಮರೆಮಾಚುವುದು ಅಸತ್ಯವಾದೀತು. ಆದರೆ ಈ ಕುಂದುಗಳು ಏಕೆ ಉಳಿದಿವೆ ಎಂದು ಕೇಳಿಕೊಳ್ಳೋಣ. ಊರಿನಲ್ಲಿ ಮಾತು ನಡೆಯುವವರು, ಅಧಿಕಾರಿಗಳಿಗೆ ಪತ್ರ ಬರೆಯಬಲ್ಲವರು, ಶಾಸಕರ ಮನೆಗೆ ಹೋಗಿಬರುವವರು ಆ ಬಾಗಿಲನ್ನು ತುಳಿಯುವುದನ್ನೇ ಬಿಟ್ಟಿದ್ದಾರೆ. ಉಳಿದವರು ದನಿಯಿಲ್ಲದವರು. ಅವರು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿ, ಯಾರಿಗೂ ದೂರು ಹೇಳದೆ ಊರಿಗೆ ಮರಳುತ್ತಾರೆ. ಕೇಳುವವರಿಲ್ಲದ ಮನೆ ಪಾಳುಬೀಳುವಂತೆ ಕೇಳುವವರಿಲ್ಲದ ಆಸ್ಪತ್ರೆಯೂ ಸೊರಗುತ್ತದೆ.

ನಮ್ಮ ಸಮಾಜವು ವಿದ್ಯೆ ಮತ್ತು ವೈದ್ಯಕ್ಕೆ ನೀಡಿದ ಕೊಡುಗೆ ಸಣ್ಣದಲ್ಲ. ಬೆಳಗಾವಿ, ಕಲಬುರಗಿ, ದಾವಣಗೆರೆ, ಮೈಸೂರು, ವಿಜಯಪುರಗಳಲ್ಲಿ ನಮ್ಮ ಹಿರಿಯರು, ಮಠಗಳು ಕಟ್ಟಿದ ವೈದ್ಯಕೀಯ ಕಾಲೇಜುಗಳು ಇಂದಿಗೂ ಬೆಳಗುತ್ತಿವೆ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿನ ಚಿಗಟೇರಿ ಸರ್ಕಾರಿ ಆಸ್ಪತ್ರೆಯ ರೋಗಿಗಳ ನಡುವೆಯೇ ವಿದ್ಯೆ ಕಲಿತರು. ಬಡರೋಗಿಯ ಹಾಸಿಗೆಯ ಪಕ್ಕದಲ್ಲಿ ಕಲಿತ ವಿದ್ಯೆಯ ಋಣವು ಸಮಾಜದ ಮೇಲೂ ಇದೆ. ನಮ್ಮದೇ ಸಂಸ್ಥೆಗಳಿವೆಯೆಂಬ ಅಭಿಮಾನವು ಸಾರ್ವಜನಿಕ ಆಸ್ಪತ್ರೆ ನಮ್ಮದಲ್ಲವೆಂಬ ಉದಾಸೀನಕ್ಕೆ ದಾರಿಯಾಗಬಾರದು.

ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೇ ಅವರ ಕಾಯಕವಾಗಿತ್ತು. ಆಯ್ದಕ್ಕಿ ಲಕ್ಕಮ್ಮನವರು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನಿಂದಲೇ ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ರೋಗಿಯಿಂದ ಸಲ್ಲದ್ದನ್ನು ಪಡೆಯುವವನಿಗೂ ಸರದಿಯನ್ನು ಮುರಿದು ಪ್ರಭಾವದಿಂದ ಒಳನುಗ್ಗುವವನಿಗೂ ಆ ಕಥೆ ಒಂದೇ ಪಾಠ ಹೇಳುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ತಿಳಿವಳಿಕೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಏನೇನಿದೆ ಎಂಬುದನ್ನು ಆಪತ್ತು ಬರುವ ಮುನ್ನವೇ ಹೋಗಿ ವಿಚಾರಿಸಿಕೊಳ್ಳಿ. 2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಸೇವೆಯಿದೆ. ಮನೆಯ ಮಕ್ಕಳಿಗೂ ಆ ಸಂಖ್ಯೆ ಬಾಯಿಪಾಠವಾಗಿರಲಿ. ಹಾವು ಕಚ್ಚಿದವರಿಗೆ ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಮಂತ್ರಕ್ಕಾಗಿ ಕಾಯುವುದು ಬೇಡ; ಕೈಕಾಲು ಅಲುಗಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಸಾಗಿಸಿರಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ಊಟ, ಸಾಗಾಟ ಎಲ್ಲವೂ ಉಚಿತ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯುಂಟು. ತುರ್ತು ಸಂದರ್ಭವಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿಯಲ್ಲಿ ಆ ಸೌಲಭ್ಯ ದೊರೆಯಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದನ್ನರಿಯದೆ ನೇರವಾಗಿ ಹೋಗಿ ಹೊಲಮನೆ ಅಡವಿಟ್ಟವರುಂಟು.

ಎರಡನೆಯದು, ದಾಸೋಹ. ರೋಗಿಯ ಜೊತೆ ಬಂದವರಿಗೆ ಊಟವಿರುವುದಿಲ್ಲ, ಮಲಗಲು ಸ್ಥಳವಿರುವುದಿಲ್ಲ. ನಮ್ಮ ಮನೆಯ ಮದುವೆ, ನಾಮಕರಣ, ಹಿರಿಯರ ಸ್ಮರಣೆಯ ದಿನ ಒಂದು ಹೊತ್ತಿನ ರೊಟ್ಟಿ ಪಲ್ಯ ಆ ಬಾಗಿಲಿಗೆ ತಲುಪಲಿ. ಜಯಂತಿಯ ಮೆರವಣಿಗೆಯಲ್ಲಿ ನಡೆಯುವ ತರುಣರು ಅದೇ ವಾರ ರಕ್ತನಿಧಿಗೆ ಹೋಗಿ ರಕ್ತ ನೀಡಲಿ. ಅಕ್ಷರ ಬಲ್ಲ ನಿವೃತ್ತರು ವಾರಕ್ಕೊಂದು ದಿನ ಅಲ್ಲಿ ಕುಳಿತು ಹಳ್ಳಿಗರಿಗೆ ಚೀಟಿ ಬರೆದುಕೊಟ್ಟು ದಾರಿ ತೋರಿಸಲಿ. ಕುಂದು ಕಂಡಲ್ಲಿ ಹೆಸರು ಹಾಕಿ, ವಿನಯದಿಂದ ಲಿಖಿತ ದೂರು ಕೊಡಲಿ.

ಆ ರೈತ ಭಕ್ತರು ಈಗ ಹೊಲಕ್ಕೆ ಹೋಗುತ್ತಿದ್ದಾರೆ. ಎತ್ತುಗಳಿಲ್ಲದೆ ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಬಿತ್ತನೆ ಮುಗಿಸಿದರು. ಮೊನ್ನೆ ಕಂಡಾಗ ನಾನು ಕ್ಷಮೆ ಕೇಳಿದೆ. ಅವರು ನಕ್ಕು, “ನೀವು ಒಳ್ಳೇದಕ್ಕ ಹೇಳಿದ್ರಿ, ಬಿಡ್ರಿ” ಎಂದರು. ಅವರು ಬಿಟ್ಟರೂ ನಾನು ಬಿಡಲಾಗದೆಂದೇ ಇಷ್ಟನ್ನು ಬರೆದೆ. ಮುಂದೆ ಯಾರಾದರೂ ಎಲ್ಲಿಗೆ ಒಯ್ಯೋಣ ಎಂದು ಕೇಳಿದರೆ ಸರಿಯಾದ ಉತ್ತರ ನಮ್ಮೆಲ್ಲರ ಬಾಯಲ್ಲಿರಲಿ.