ಮುಟ್ಟದೆ ನೋಡುವ ನಾಡಿ

ಕೈ ಹಿಡಿದು ನಾಡಿ ನೋಡುವುದು ಹಿರಿಯರಿಂದ ಬಂದ ರೂಢಿ. ಈಗ ಮುಟ್ಟದೆಯೂ ಅದನ್ನು ಅಳೆಯಬಹುದಾಗಿದೆ. ಹೃದಯ ಮಿಡಿದಾಗಲೆಲ್ಲ ಕೊರಳಿನ ರಕ್ತನಾಳ ಉಬ್ಬಿ, ಮೇಲಿನ ಚರ್ಮ ತುಸುವೇ ಅದುರುತ್ತದೆ. ಅಲ್ಲಿಗೆ ಮಂದವಾದ ಲೇಸರ್ ಕಿರಣವನ್ನು ಹಾಯಿಸಿದರೆ, ಮರಳುವ ಬೆಳಕಿನ ಆವೃತ್ತಿ ಆ ಅದುರಿಗೆ ತಕ್ಕಂತೆ ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಮಿಡಿತದ ಲೆಕ್ಕ ಸಿಗುತ್ತದೆ.

ಮೈ ಸುಟ್ಟವರಿಗೆ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಅಂಟುಪಟ್ಟಿಯೂ ನೋವು ತರುತ್ತದೆ. ಅಂಥವರಿಗೆ ಈ ವಿದ್ಯೆ ನೆರವಾಗುವುದಾದರೆ ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದ ರಕ್ಷಣಾ ಇಲಾಖೆಗಾಗಿ ರೂಪಿಸಿದ ಲೇಸರ್ ಸಾಧನವೊಂದು 200 ಮೀಟರ್ ದೂರದಿಂದ, ತೆಳುವಾದ ಅಂಗಿಯ ಮೇಲಿಂದಲೇ ಎದೆಬಡಿತವನ್ನು ಗುರುತಿಸಬಲ್ಲದೆಂದು 2019ರಲ್ಲಿ ವರದಿಯಾಯಿತು. ಕೈ ಹಿಡಿದರೆ ನಮಗೆ ತಿಳಿಯುತ್ತದೆ. ಬೇಡವೆನಿಸಿದರೆ ಕೈ ಹಿಂತೆಗೆಯಬಹುದು. ಕಿರಣ ತಾಕಿದ್ದು ತಿಳಿಯುವುದೇ ಇಲ್ಲ.

ನಮ್ಮ ವೈಟ್‌ಫೀಲ್ಡ್ ಈ ಮಾತನ್ನು ಮೊದಲು ಯೋಚಿಸಬೇಕಾದ ನೆಲ. ವೈದ್ಯಕೀಯ ಯಂತ್ರಗಳನ್ನೂ ರೂಪಿಸುವ ಜಾನ್ ವೆಲ್ಚ್ ತಂತ್ರಜ್ಞಾನ ಕೇಂದ್ರ ಇಲ್ಲಿ 2000ರಲ್ಲಿ ಆರಂಭವಾಯಿತು. ಹೃದ್ರೋಗಿಗಳಿಗೆ ಉಚಿತ ಚಿಕಿತ್ಸೆ ನೀಡುವ ಸತ್ಯಸಾಯಿ ಆಸ್ಪತ್ರೆ 2001ರಿಂದ ಇಲ್ಲಿದೆ. ಸಾವಿರಾರು ಮಂದಿ ಕಾಯಕ ಮಾಡುವ ಕಚೇರಿಗಳೂ ಇಲ್ಲಿವೆ. ರೋಗಿಯ ಹಾಸಿಗೆಯ ಬಳಿ ದಯೆಯೆನಿಸುವ ಕಿರಣ, ಕಚೇರಿಯ ಬಾಗಿಲಲ್ಲಿ ನೌಕರನ ಆತಂಕವನ್ನು ಅಳೆಯತೊಡಗಿದರೆ ಅದು ಕಾವಲಾಗುತ್ತದೆ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ: ಮುಟ್ಟದೆ ನೋಡಬಹುದು, ಕೇಳದೆ ನೋಡಬಾರದು. ಅಲ್ಲಿಯವರೆಗೆ ಸದ್ಭಕ್ತರು ತಮ್ಮ ಮಣಿಕಟ್ಟಿನ ಮೇಲೆ ತಾವೇ ಬೆರಳಿಟ್ಟು ಎಣಿಸುವುದನ್ನು ಕಲಿಯಲಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಮಿಡಿತ ಸಹಜ. ಲೆಕ್ಕ ಪದೇ ಪದೇ ತಪ್ಪಿದರೆ ವೈದ್ಯರನ್ನು ಕಾಣುವುದು ಲೇಸು.